ಹಳೇ ತಗಡು, ಹೊಸ ತಗಡು: ನನ್ನ ಬ್ಲೂಬರ್ಡ್ ರಿಪೇರಿ

ಅಕ್ಟೋಬರ್‌ನ ಒಂದು ಶನಿವಾರ ಬೆಳಿಗ್ಗೆ ನನ್ನ ಬ್ಲೂಬರ್ಡ್ ಮುಳುಗಿತು. ಬ್ಲೂಬರ್ಡ್ ಅಂದರೆ ನೀರಿನ ಮೇಲಿನ ವೇಗದ ದಾಖಲೆಗಳನ್ನು ಮಾಡಿದ ಬ್ರಿಟನ್ನಿನ ಜೆಟ್ ದೋಣಿ. ನನ್ನದು ಮೂರು ಚಳಿಗಾಲ ಗ್ಯಾರೇಜಿನಲ್ಲಿ ಕೂತು ಕಟ್ಟಿದ್ದ ಅದರ ರಿಮೋಟ್ ಮಾಡೆಲ್. ನೀರಿಗಿಳಿದ ನಾಲ್ಕನೇ ದಿನಕ್ಕೇ ಮೂತಿ ಎತ್ತಿತು, ಹಿಂದಕ್ಕೆ ಪಲ್ಟಿ ಹೊಡೆಯಿತು, ಮೂತಿ ಊರಿಕೊಂಡೇ ನೀರಿಗೆ ಬಿತ್ತು. ನಾಲ್ಕು ಗುಳ್ಳೆ ಬಂದವು. ಅಷ್ಟೇ.

ತಪ್ಪು ನನ್ನದೇ. ಕೆರೆಯ ಆ ತುದಿಯವರೆಗೆ ಒಂದು ಸಲ ಓಡಿಸಿದೆ. ಬ್ಯಾಟರಿ ಇನ್ನೂ ಅರ್ಧ ನಿಮಿಷ ಬರಬಹುದು ಅನ್ನಿಸಿತು. ನೀರು ಸುಮ್ಮನಾಗೋಕೆ ಬಿಡದೆ ಅಲ್ಲೇ ತಿರುಗಿಸಿ ವಾಪಸ್ ಬಿಟ್ಟೆ. ತಾನು ಎಬ್ಬಿಸಿದ ಅಲೆ ಮೇಲೆ ತಾನೇ ಹತ್ತಿತು. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಅಸಲಿ ಬ್ಲೂಬರ್ಡ್ ಓಡಿಸುತ್ತಿದ್ದ ಡೊನಾಲ್ಡ್ ಕ್ಯಾಂಪ್‌ಬೆಲ್ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಮೊದಲ ಓಟ ಗಂಟೆಗೆ 297.6 ಮೈಲಿ, ಅಂದರೆ 479 ಕಿಲೋಮೀಟರ್. ದಾಖಲೆಗೆ ಎರಡೂ ದಿಕ್ಕಿನ ಸರಾಸರಿ ಬೇಕು. ಸಾಮಾನ್ಯವಾಗಿ ಆ ತುದಿಯಲ್ಲಿ ನಿಂತು ಇಂಧನ ತುಂಬಿಸಿ, ಅಲೆ ಅಡಗಿದ ಮೇಲೆ ಹೊರಡುತ್ತಿದ್ದ ಮನುಷ್ಯ ಅವತ್ತು ಹಾಗೇ ತಿರುಗಿಸಿಕೊಂಡು ಬಂದರು. 328 ಮೈಲಿ ಮುಟ್ಟಿದ ದೋಣಿ ನೀರು ಬಿಟ್ಟು ಮೇಲೆದ್ದಿತು. ಅಪಘಾತಕ್ಕೆ ಅಲೆ ಒಂದೇ ಕಾರಣ ಅಲ್ಲ ಅನ್ನುವವರೂ ಇದ್ದಾರೆ, ಎಂಜಿನ್ನಿನ ತಳ್ಳು ಆ ಗಳಿಗೆಯಲ್ಲಿ ಬಿದ್ದುಹೋಯಿತು ಅನ್ನುವ ವಾದವೂ ಇದೆ. ಇದನ್ನೆಲ್ಲ ನೂರು ಸಲ ಓದಿದ್ದವನು ನಾನು. ಆದರೂ ಹೆಬ್ಬೆರಳು ಕೇಳಲಿಲ್ಲ.

ಈ ಜಾತಿಯ ದೋಣಿಗೆ ವೇಗ ಬಂದ ಮೇಲೆ ನೀರಿಗೆ ತಾಗುವುದು ಮೂರೇ ಜಾಗ. ಮುಂದೆ ಎರಡು ಪಕ್ಕಕ್ಕೂ ಚಾಚಿಕೊಂಡಿರುವ ಪಾದಗಳು, ಇವಕ್ಕೆ ಸ್ಪಾನ್ಸನ್ ಅನ್ನುತ್ತಾರೆ, ಮತ್ತೆ ಹಿಂದೆ ಒಂದು ಮೂಲೆ. ಹೊಟ್ಟೆಯ ಕೆಳಗೆಲ್ಲ ಬರೀ ಗಾಳಿ. ಮೂತಿ ಸ್ವಲ್ಪ ಮೇಲಾದರೆ ಗಾಳಿ ಇನ್ನಷ್ಟು ಎತ್ತುತ್ತದೆ, ಎತ್ತಿದಷ್ಟೂ ಜಾಸ್ತಿ ಗಾಳಿ ಹಿಡಿಯುತ್ತದೆ. ಒಂದು ಮಟ್ಟ ದಾಟಿದ ಮೇಲೆ ಅದು ದೋಣಿ ಅಲ್ಲ, ದಾರ ಕಿತ್ತ ಗಾಳಿಪಟ.

ಸರಿ, ಎತ್ತಬೇಕಲ್ಲ. ಕೆರೆ ಅಲ್ಲಿ ಎರಡು ಮೀಟರ್ ಆಳ, ನೀರು ಚಹಾ ಬಣ್ಣ. ಗೆಳೆಯನೊಬ್ಬ ಹಗ್ಗ ಕಟ್ಟಿದ ದೊಡ್ಡ ಮ್ಯಾಗ್ನೆಟ್ ತಂದ. ಒಂದು ಗಂಟೆ ಎಳೆದಾಡಿ ಒಂದು ಸೈಕಲ್ ಬೀಗ, ಒಂದು ಚಮಚ ಸಿಕ್ಕಿತು. ಆಮೇಲೆ ನೆನಪಾಯಿತು, ನನ್ನ ದೋಣಿಯ ಚೌಕಟ್ಟು ಹಿತ್ತಾಳೆ, ಹೊದಿಕೆ ಅಲ್ಯೂಮಿನಿಯಂ. ಮ್ಯಾಗ್ನೆಟ್ ಏನು ಹಿಡಿಯುತ್ತೆ ಪಾಪ! ಮುಂದಿನ ಶನಿವಾರ ಪಕ್ಕದ ಮನೆಯವರ ತೋಟದ ಕುಂಟೆಗೆ ಎರಡು ಗಳ ಕಟ್ಟಿ ಕೆದಕಿದೆವು. ಬಾಲದ ರೆಕ್ಕೆ ಸಿಕ್ಕಿಹಾಕಿಕೊಂಡು ಮೇಲೆ ಬಂತು. ಊದಿಕೊಂಡಿದ್ದ ಬ್ಯಾಟರಿಯನ್ನು ಮನೆ ಒಳಗೆ ತರದೆ ಹಿತ್ತಲಲ್ಲೇ ಬಕೆಟ್ಟಿನಲ್ಲಿಟ್ಟು, ಆಮೇಲೆ ವಿಲೇವಾರಿಗೆ ಕೊಟ್ಟು ಬಂದೆ. ಲಿಥಿಯಂ ಬ್ಯಾಟರಿ ನೀರು ಕುಡಿದಿದ್ದರೆ ಒಣಗಿಸಿ ಮತ್ತೆ ಚಾರ್ಜ್ ಹಾಕುವ ಆಸೆ ಬೇಡ.

ಅಸಲಿ ದೋಣಿ ಮೇಲೆ ಬರೋಕೆ 34 ವರ್ಷ ಹಿಡಿಯಿತು. ಸುಮಾರು 45 ಮೀಟರ್ ಆಳದಲ್ಲಿ ಕೂತಿತ್ತು. 1967ರಲ್ಲೇ ನೌಕಾದಳದ ಡೈವರ್‌ಗಳು ಅದನ್ನು ನೋಡಿದ್ದರು, ಆದರೆ ಎತ್ತಲಿಲ್ಲ. ಕ್ಯಾಂಪ್‌ಬೆಲ್ ಆಗ ಸಿಗಲೇ ಇಲ್ಲ. ತೇಲಿ ಬಂದಿದ್ದು ಅವರ ಅದೃಷ್ಟದ ಕರಡಿ ಗೊಂಬೆ, ಮಿಸ್ಟರ್ ವಾಪಿಟ್. ಟೈನ್‌ಸೈಡ್‌ನ ಎಂಜಿನಿಯರ್ ಬಿಲ್ ಸ್ಮಿತ್ ಮತ್ತು ಅವರ ತಂಡ 2001ರ ಮಾರ್ಚ್ 8ರಂದು ದೋಣಿ ಎತ್ತಿದರು. ಅದೇ ಮೇ ತಿಂಗಳಲ್ಲಿ ಕ್ಯಾಂಪ್‌ಬೆಲ್ ಅವರ ದೇಹವೂ ಸಿಕ್ಕಿತು. ಸೆಪ್ಟೆಂಬರ್ 12ಕ್ಕೆ ಕಾನಿಸ್ಟನ್ ಊರಲ್ಲೇ ಮಣ್ಣು ಮಾಡಿದರು.

ಎತ್ತಿದ್ದು ಎಲ್ಲರಿಗೂ ಇಷ್ಟವಾಗಲಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ದೋಣಿ ಮತ್ತು ನಾಯಕ ಒಟ್ಟಿಗೇ ಇರಲಿ ಅಂತ ಕ್ಯಾಂಪ್‌ಬೆಲ್ ಹೇಳಿದ್ದರಂತೆ. ತಂಗಿ ಜೀನ್ ವೇಲ್ಸ್ ಆ ಮಾತಿಗೇ ಅಂಟಿಕೊಂಡು ಬೇಡ ಅಂದರು. ಮಗಳು ಜೀನಾ ಎತ್ತುವವರ ಜೊತೆ ನಿಂತರು. ಒಂದೇ ಮನೆಯಲ್ಲಿ ಎರಡು ಮಾತು. ದೋಣಿ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾದ ಮೇಲೆ ಕೆಳಗೆ ಬಿಟ್ಟರೆ ಯಾರಾದರೂ ಬಂದು ಒಂದೊಂದೇ ಚೂರು ಕಿತ್ತುಕೊಂಡು ಹೋಗುತ್ತಿದ್ದರು, ಇದು ನನ್ನ ಅಭಿಪ್ರಾಯ. ಆದರೆ ನನ್ನ ಅಣ್ಣ ಅದರೊಳಗಿದ್ದಿದ್ದರೆ ಇಷ್ಟು ಸಲೀಸಾಗಿ ಹೇಳುತ್ತಿದ್ದೆನೋ ಇಲ್ಲವೋ.

ಇನ್ನು ಗ್ಯಾರೇಜಿನ ಮಾತು. ನಾನಿರುವುದು ಲ್ಯಾಂಕಾಶೈರ್‌ನಲ್ಲಿ, ಪ್ರೆಸ್ಟನ್ ಹತ್ತಿರ. ನಾರಿಸ್ ಸಹೋದರರು ವಿನ್ಯಾಸ ಮಾಡಿದ ಕೆ7 ಅನ್ನು, ಅಂದರೆ ಅಸಲಿ ಬ್ಲೂಬರ್ಡನ್ನು, 1954-55ರಲ್ಲಿ ಕಟ್ಟಿದ್ದು ಇಲ್ಲೇ, ಸ್ಯಾಮ್ಲ್ಸ್‌ಬರಿ ಎಂಜಿನಿಯರಿಂಗ್ ಅನ್ನುವ ಕಂಪನಿ. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬರ್ಮಾಬ್ರೈಟ್ ತಗಡು. ಬರ್ಮಾಬ್ರೈಟ್ ಅಂದರೆ ಮೆಗ್ನೀಸಿಯಂ ಸೇರಿಸಿದ ಅಲ್ಯೂಮಿನಿಯಂ, ಹಳೇ ಲ್ಯಾಂಡ್ ರೋವರ್ ಜೀಪುಗಳ ಮೈಯೂ ಅದೇ. ನನ್ನ ಮಾಡೆಲ್ ಎಂಟನೇ ಒಂದು ಅಳತೆಯದು. ಅಸಲಿ 26 ಅಡಿ, ನನ್ನದು ಮೀಟರಿಗೆ ಒಂದು ಸೆಂಟಿಮೀಟರ್ ಕಮ್ಮಿ. ಹಿತ್ತಾಳೆ ಕೊಳವೆಗೆ ಬೆಳ್ಳಿ ಬೆಸುಗೆ, ಅರ್ಧ ಮಿಲಿಮೀಟರ್ ತಗಡು, ಜೆಟ್ ಎಂಜಿನ್ ಬದಲು 90 ಮಿಲಿಮೀಟರ್‌ನ ಕರೆಂಟ್ ಫ್ಯಾನ್.

ಸಲಹೆಗಾರರು ಬೆಂಗಳೂರಿನಲ್ಲಿದ್ದಾರೆ. ನಮ್ಮಪ್ಪ. 1974ರಲ್ಲಿ ಎಚ್‌ಎಎಲ್ ಸೇರಿ, ಶೀಟ್ ಮೆಟಲ್ ಶಾಪಿನಲ್ಲಿ ಕೈ ಸವೆಸಿ ರಿಟೈರ್ ಆದವರು. ಬ್ಲೂಬರ್ಡ್ ಫೋಟೋ ಮೊದಲ ಸಲ ತೋರಿಸಿದಾಗ ದೋಣಿ ನೋಡಲೇ ಇಲ್ಲ. ಬಾಲ ನೋಡಿದರು. "ಲೋ, ಇದು ನ್ಯಾಟ್‌ದಲ್ವೇನೋ?"

ಹೌದು, ನ್ಯಾಟ್‌ದೇ. 1955ರಿಂದ 1964ರವರೆಗೆ ಕೆ7ಗೆ ಇದ್ದದ್ದು ಮೆಟ್ರೊಪಾಲಿಟನ್-ವಿಕರ್ಸ್ ಕಂಪನಿಯ ಬೆರಿಲ್ ಜೆಟ್ ಎಂಜಿನ್. ಏಳು ವಿಶ್ವದಾಖಲೆ ಆಗಿದ್ದೂ ಅದರಲ್ಲೇ. 1955ರ ಜುಲೈನಲ್ಲಿ ಅಲ್ಸ್‌ವಾಟರ್ ಸರೋವರದಲ್ಲಿ 202.32 ಮೈಲಿಯಿಂದ ಶುರು. ಕೊನೆಯದು ಆಸ್ಟ್ರೇಲಿಯಾದ ಡಂಬಲ್‌ಯಂಗ್ ಸರೋವರದಲ್ಲಿ 276.33 ಮೈಲಿ, 1964ರ ಡಿಸೆಂಬರ್ 31ಕ್ಕೆ. ಅದೇ ವರ್ಷ ನೆಲದ ಮೇಲಿನ ವೇಗದ ದಾಖಲೆಯನ್ನೂ ಮಾಡಿದ್ದರು. ಒಂದೇ ವರ್ಷ ಎರಡೂ ಮಾಡಿದವರು ಇನ್ನೊಬ್ಬರಿಲ್ಲ. 300 ಮೈಲಿ ದಾಟಲು 1966ರಲ್ಲಿ ಬೆರಿಲ್ ತೆಗೆದು ಆರ್ಫಿಯಸ್ ಎಂಜಿನ್ ಕೂರಿಸಿದರು. ಅದು ನ್ಯಾಟ್ ಯುದ್ಧವಿಮಾನದ ಎಂಜಿನ್. ಮೊದಲನೆಯದು ಪರೀಕ್ಷೆಯಲ್ಲೇ ಹಾಳಾಯಿತು. ಗಾಳಿ ಒಳಗೆಳೆಯುವ ಬಾಯಿ ಕುಸಿದು, ಚೂರುಗಳನ್ನು ಎಂಜಿನ್ನೇ ನುಂಗಿತು. ಅಪಘಾತವಾಗಿದ್ದ ಒಂದು ನ್ಯಾಟ್ ಅನ್ನೇ ಕ್ಯಾಂಪ್‌ಬೆಲ್ ಕೊಂಡಿದ್ದರು, ಅದರ ಎಂಜಿನ್ ಹಾಕಿದರು. ಬಾಲದ ರೆಕ್ಕೆಯೂ ನ್ಯಾಟ್‌ದು.

ಆರ್ಫಿಯಸ್ ಬೆಂಗಳೂರಿನಲ್ಲೂ ತಯಾರಾಗುತ್ತಿತ್ತು. ಎಚ್‌ಎಎಲ್‌ನ ವಿಮಾನಗಳಲ್ಲಿ ನ್ಯಾಟ್‌ಗೆ ಒಂದು, ಮಾರುತ್‌ಗೆ ಎರಡು, ಆಮೇಲೆ ಅಜೀತ್‌ಗೆ, ಕಿರಣ್ ಮಾರ್ಕ್ 2ಕ್ಕೆ. ಬೀದರಿನ ಸೂರ್ಯಕಿರಣ ತಂಡ 2011ರವರೆಗೆ ಹಾರಿಸುತ್ತಿದ್ದದ್ದು ಕಿರಣ್ ಮಾರ್ಕ್ 2. ಯಲಹಂಕದ ಏರ್ ಶೋನಲ್ಲಿ ಆಗ ಅವರನ್ನು ನೋಡಿದ್ದರೆ ಆ ಎಂಜಿನ್ನಿನ ಕೂಗು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅಪ್ಪನಿಗೆ ಬ್ಲೂಬರ್ಡ್ ಅಂದರೆ "ನಮ್ಮ ಎಂಜಿನ್ ಹಾಕಿದ ದೋಣಿ". ತಿದ್ದಲು ಹೋಗಿಲ್ಲ.

ರಿಪೇರಿಯ ಮೊದಲ ವಾರ ಬರೀ ಲೆಕ್ಕ. ಚೌಕಟ್ಟಿನ ಹಿಂದಿನ ಮುಕ್ಕಾಲು ನೇರ ಇದೆ. ಬಾಲ ನೆಟ್ಟಗಿದೆ. ಎಡಗಡೆ ಸ್ಪಾನ್ಸನ್ ಕಿತ್ತು ತೂಗಾಡುತ್ತಿದೆ. ಚಾಲಕ ಕೂರುವ ಜಾಗದಿಂದ ಮುಂದಕ್ಕೆ ಎಲ್ಲವೂ ಹಿಂಡಿದ ಟೂತ್‌ಪೇಸ್ಟ್ ಟ್ಯೂಬು. ಅಸಲಿ ದೋಣಿಯೂ ಹೀಗೇ ಮೇಲೆ ಬಂದದ್ದು, ಎಂಜಿನ್ ಇರುವ ಹಿಂಭಾಗ ಒಟ್ಟಾಗಿ, ಮುಂಭಾಗ ಚೂರುಚೂರಾಗಿ. 34 ವರ್ಷದ ಮೇಲೂ ಮೈಮೇಲೆ ನೀಲಿ ಬಣ್ಣ ಉಳಿದಿತ್ತು.

ಮೂತಿಯ ಫೋಟೋ ಅಪ್ಪನಿಗೆ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು. "ಸ್ಕ್ರ್ಯಾಪ್. ಹೊಸದು ಮಾಡು."

ಫೋನ್ ಮಾಡಿದೆ. "ಹಳೇದನ್ನೇ ನೇರ ಮಾಡಬೇಕು ಅಂತಿದೀನಪ್ಪ."

"ಯಾಕೆ? ತಗಡಿಗೆ ಬರಗಾಲವಾ ಅಲ್ಲಿ? ಒಂದು ಸಲ ಮಡಿಸಿದ ತಗಡು ಅದು. ನಮ್ಮ ಇನ್‌ಸ್ಪೆಕ್ಟರ್ ಆಗಿದ್ರೆ ಕೆಂಪು ಚೀಟಿ ಕಟ್ಟಿ ಮೂಲೆಗೆ ಎಸೀತಿದ್ದ."

ಅವರ ಮಾತು ತಪ್ಪಲ್ಲ. ವಿಮಾನದ ಕೆಲಸದಲ್ಲಿ ಬಿರುಕು ಬಿಟ್ಟ ತಗಡಿನ ಮೇಲೆ ಮಮತೆ ಇಟ್ಟುಕೊಳ್ಳುವಂತಿಲ್ಲ. ಆದರೆ ಮ್ಯೂಸಿಯಂನವರಿಗೆ ಆ ಬಿರುಕು ಬಿಟ್ಟ ತಗಡೇ ವಸ್ತು, ಅದನ್ನೆಸೆದರೆ ಉಳಿಯುವುದು ನಕಲು. ಕೆ7ನ ಜಗಳ ಪೂರ್ತಿ ಈ ಎರಡರ ಮಧ್ಯೆಯೇ ಸಿಕ್ಕಿಕೊಂಡಿತ್ತು ಅಂತ ನನಗೆ ಅರ್ಥವಾದದ್ದು ಅವತ್ತು ಅಪ್ಪನ ಜೊತೆ ವಾದ ಮಾಡುವಾಗ. ದೋಣಿ ಎತ್ತಿದ ಮೇಲೆ ರಿಪೇರಿಗೆ ಅಂತ ಪರಂಪರೆಗೆ ದುಡ್ಡು ಕೊಡುವ ಲಾಟರಿ ನಿಧಿಯನ್ನು ಕೇಳಿದರು. ಮುರಿದ ಹಾಗೇ ಕಾಪಾಡಿ ಇಡುವುದಾದರೆ ಸರಿ, ಮತ್ತೆ ಓಡುವಂತೆ ಕಟ್ಟುವುದಕ್ಕೆ ಇಲ್ಲ ಅನ್ನುವುದು ಅವರ ನಿಲುವು. ಅರ್ಜಿ ಬಿದ್ದುಹೋಯಿತು. 2006ರ ಡಿಸೆಂಬರ್‌ನಲ್ಲಿ ಕುಟುಂಬದ ಟ್ರಸ್ಟ್ ಪರವಾಗಿ ಜೀನಾ ದೋಣಿಯನ್ನು ಕಾನಿಸ್ಟನ್‌ನ ರಸ್ಕಿನ್ ಮ್ಯೂಸಿಯಂಗೆ ಕೊಟ್ಟರು. ರಿಪೇರಿ ಮಾತ್ರ ಸ್ಮಿತ್ ಮತ್ತು ಸ್ವಯಂಸೇವಕರು ನಾರ್ತ್ ಶೀಲ್ಡ್ಸ್‌ನ ವರ್ಕ್‌ಶಾಪಿನಲ್ಲಿ ಮಾಡುವುದು, ಸಾಧ್ಯವಾದಷ್ಟು ಹಳೇ ಲೋಹವನ್ನೇ ಬಳಸುವುದು ಅಂತ ಮಾತಾಯಿತು. ಹೊಸ ತಗಡು ಕತ್ತರಿಸಿದ್ದರೆ ಅರ್ಧ ಸಮಯ ಸಾಕಿತ್ತೇನೋ. ಅವರು ಒಂದೊಂದೇ ರಿವೆಟ್ ಬಿಚ್ಚಿ, ಸುಕ್ಕಾದ ತಗಡನ್ನು ಬಿಸಿ ಮಾಡಿ ನೇರ ಮಾಡಿ ಮತ್ತೆ ಜೋಡಿಸುತ್ತ ಹೋದರು.

ಕೊನೆಗೆ ಅಪ್ಪ ಒಪ್ಪಿದರು, ಷರತ್ತಿನ ಮೇಲೆ. "ಬಡಿಯೋ ಮುಂಚೆ ಮೆತ್ತಗೆ ಮಾಡು. ಹಾಗೇ ಬಡಿದ್ರೆ ಹಪ್ಪಳದ ಹಾಗೆ ಒಡೆಯುತ್ತೆ."

ಅಲ್ಯೂಮಿನಿಯಂ ಮಡಿಸಿದಷ್ಟೂ ಗಡುಸಾಗುತ್ತದೆ. ಮತ್ತೆ ಮೆತ್ತಗಾಗಬೇಕಾದರೆ ಬಿಸಿ ಬೇಕು. ತೊಂದರೆ ಏನೆಂದರೆ ಇದು ಉಕ್ಕಿನ ಹಾಗೆ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. ನೋಡ್ತಾ ನೋಡ್ತಾ ತೂತು ಬಿದ್ದುಹೋಗುತ್ತದೆ. ಅದಕ್ಕೆ ಸೋಪಿನ ಉಪಾಯ. ಒಣ ಬಟ್ಟೆ ಸೋಪನ್ನು ತಗಡಿನ ಮೇಲೆ ಉಜ್ಜಬೇಕು, ಬಿಳಿ ಗೀರು ಮೂಡುವ ಹಾಗೆ. ಆಮೇಲೆ ಗ್ಯಾಸ್ ಟಾರ್ಚನ್ನು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಸೋಪು ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದು. ಕಪ್ಪಾದ ತಕ್ಷಣ ಟಾರ್ಚ್ ತೆಗೆಯಬೇಕು. ಗ್ಯಾರೇಜ್ ತುಂಬ ಸೀದ ಸೋಪಿನ ವಾಸನೆ. ಹೆಂಡತಿ ಬಾಗಿಲು ಹಾಕಿಕೊಂಡು ಹೋದಳು. ತಣ್ಣಗಾದ ಮೇಲೆ ಕೈಯಲ್ಲಿ ಹಿಡಿದು ಬಗ್ಗಿಸಿದೆ. ಮುಂಚೆ ಟಣ್ ಅನ್ನುತ್ತಿದ್ದ ತಗಡು ಈಗ ಸತ್ತ ಸದ್ದು ಮಾಡುತ್ತಿತ್ತು. ಸರಿಯಾಗಿ ಮೆತ್ತಗಾಗಿದೆ ಅನ್ನೋಕೆ ಅದೇ ಗುರುತು.

ಮರಳು ತುಂಬಿದ ಚರ್ಮದ ಚೀಲದ ಮೇಲೆ ಇಟ್ಟು, ಮರದ ಸುತ್ತಿಗೆಯಿಂದ ಸುಕ್ಕಿನ ಅಂಚಿನಿಂದ ಒಳಕ್ಕೆ ಬಡಿಯುತ್ತ ಬಂದೆ. ನಾಲ್ಕು ಏಟು, ಬೆರಳಾಡಿಸಿ ನೋಡು, ಮತ್ತೆ ನಾಲ್ಕು. ಹತ್ತು ನಿಮಿಷಕ್ಕೆ ತಗಡು ಮತ್ತೆ ಗಡುಸು. ಮತ್ತೆ ಸೋಪು, ಮತ್ತೆ ಟಾರ್ಚ್. ಅಂಗೈ ಅಗಲದ ಒಂದು ತುಂಡಿಗೆ ಐದು ಸಲ ಬಿಸಿ ಹಿಡಿದಿದ್ದೇನೆ. ಎರಡು ಕಡೆ ಬಿರುಕು ಇತ್ತು. ಬಿರುಕಿನ ತುದಿಗೆ ಒಂದೂವರೆ ಮಿಲಿಮೀಟರ್‌ನ ಪುಟ್ಟ ತೂತು ಕೊರೆದೆ. ತುದಿ ದುಂಡಗಾದರೆ ಬಿರುಕು ಮುಂದಕ್ಕೆ ಓಡುವುದಿಲ್ಲ. ಒಳಗಡೆಯಿಂದ ತೇಪೆ ಇಟ್ಟು ರಿವೆಟ್ ಹೊಡೆದೆ. ಅಪ್ಪನ ನಿಯಮ: ರಿವೆಟ್ ದಪ್ಪದ ಎರಡರಷ್ಟು ಅಂಚು ಬಿಡಬೇಕು, ತೂತಿನ ನಡುವಿನಿಂದ ಅಳೆದು. ಒಂದು ಕಡೆ ಕಮ್ಮಿ ಬಿಟ್ಟಿದ್ದೆ. ವಿಡಿಯೋ ಕಾಲ್‌ನಲ್ಲೂ ಕಂಡುಹಿಡಿದರು. 80 ವರ್ಷ ದಾಟಿದ ಕಣ್ಣು.

ಒಂದು ತಿಂಗಳಾದ ಮೇಲೆ ತೂಕ ಹಾಕಿದೆ. ಮೂತಿಯಲ್ಲಿ ಹಳೇ ತಗಡು 140 ಗ್ರಾಂ, ಹೊಸದು 95. ಹೊಸ ತುಂಡುಗಳಲ್ಲಿ ಅರ್ಧದಷ್ಟು ಮಾಡಿಕೊಟ್ಟವನು ಅದೇ ಮ್ಯಾಗ್ನೆಟ್ ಗೆಳೆಯ. ಅವನ ಹತ್ತಿರ ತಗಡು ಉರುಳಿಸುವ ಚಕ್ರದ ಯಂತ್ರ ಇದೆ. ಮುಗಿದ ಮೂತಿಯನ್ನು ಕೈಯಲ್ಲಿ ಹಿಡಿದು, "ಇನ್ನು ಮೇಲೆ ದೋಣಿ ನಿನ್ನದು, ಮೂತಿ ನನ್ನದು" ಅಂತ ನಕ್ಕ. ನಾನೂ ನಕ್ಕೆ. ಕೆ7 ವಿಷಯದಲ್ಲಿ ಆ ಮಾತು ಕೋರ್ಟಿನವರೆಗೆ ಹೋಯಿತು.

2018ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದ ಲಾಕ್ ಫ್ಯಾಡ್ ಸರೋವರದಲ್ಲಿ ದೋಣಿ ಮತ್ತೆ ನೀರಿಗಿಳಿಯಿತು. ಬೇರೊಂದು ಆರ್ಫಿಯಸ್ ಎಂಜಿನ್, ಓಡಿಸಿದವರು ಟೆಡ್ ವಾಲ್ಶ್. ಗಂಟೆಗೆ 150 ಮೈಲಿಯ ಹತ್ತಿರ ಹೋಯಿತು. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಓಡಿದ ಮೇಲೆ ದೋಣಿ ವಾಪಸ್ ಹೋದದ್ದು ವರ್ಕ್‌ಶಾಪಿಗೆ. ನಮಗೆ ದಾನ ಬಂದ ದೋಣಿ, ನಮ್ಮೂರಿಗೆ ಕೊಡಿ ಅಂತ ಮ್ಯೂಸಿಯಂ. ನಾವು ಹೊಸದಾಗಿ ಮಾಡಿ ಹಾಕಿದ ಭಾಗಗಳೂ ಅದರಲ್ಲಿವೆ, ನಮಗೂ ಪಾಲಿದೆ, ದೋಣಿ ಗಾಜಿನ ಹಿಂದೆ ಕೂರದೆ ಓಡುತ್ತಿರಬೇಕು ಅಂತ ಸ್ಮಿತ್ ಕಡೆಯವರು. ವರ್ಷಗಟ್ಟಲೆ ಎಳೆದಾಡಿತು. ವಕೀಲರು ಬಂದರು.

ಸುತ್ತಿಗೆ ಹಿಡಿದವನಾಗಿ ನನಗೆ ಸ್ಮಿತ್ ತಂಡದ ಸಂಕಟ ಅರ್ಥವಾಗುತ್ತದೆ. ಒಂದೊಂದು ಸುಕ್ಕನ್ನೂ ಬೆರಳಿನಿಂದ ಗುರುತಿಸುವಷ್ಟು ವರ್ಷ ದುಡಿದಿದ್ದಾರೆ, ಅದೂ ಸಂಬಳವಿಲ್ಲದೆ. ಆದರೆ ಪಾತ್ರೆಗೆ ಕಲಾಯಿ ಹಾಕಿದವನು ಪಾತ್ರೆ ಕೇಳುವುದಿಲ್ಲ ಅಲ್ವಾ? ಮೊದಲೇ ಕಾಗದದ ಮೇಲೆ, ಹೊಸ ತುಂಡು ಯಾರದ್ದು, ಓಡಿಸುವುದು ಯಾರು, ಎಷ್ಟು ಸಲ ಅಂತ ಬಿಡಿಸಿ ಬರೆದುಕೊಂಡಿದ್ದರೆ ಇಷ್ಟು ಬೆಳೆಯುತ್ತಿರಲಿಲ್ಲ. ನನ್ನ ಗೆಳೆಯನ ತುಂಡುಗಳ ಒಳಮೈಗೆ ಬಣ್ಣ ಹಾಕಿಲ್ಲ. ಸೂಜಿಯಿಂದ ಅವನ ಹೆಸರಿನ ಮೊದಲಕ್ಷರ, ತಾರೀಖು ಗೀಚಿದ್ದೇನೆ. ಮುಂದೆ ಯಾರಾದರೂ ಬಿಚ್ಚಿದರೆ ಯಾವುದು ಹಳೇದು, ಯಾವುದು ಹೊಸದು ಗೊತ್ತಾಗಲಿ.

2024ರಲ್ಲಿ ಸ್ಮಿತ್ ತಮ್ಮ ಹಕ್ಕಿನ ಮಾತು ಬಿಟ್ಟುಕೊಟ್ಟರು. ಮಾರ್ಚ್ 9ರಂದು ಲಾರಿಯ ಮೇಲೆ ಕೆ7 ಕಾನಿಸ್ಟನ್‌ಗೆ ಬಂತು. ನಾನು ಹೋಗಿದ್ದೆ. ರಸ್ತೆಯ ಎರಡೂ ಪಕ್ಕ ಜನ. ನಮ್ಮ ಕಡೆ ತೇರು ಬರುವಾಗ ನಿಲ್ಲುತ್ತಾರಲ್ಲ, ಹಾಗೆ. ದೋಣಿ ಮ್ಯೂಸಿಯಂನಲ್ಲಿ ಕೂತ ಮೇಲೆ ಇನ್ನೊಂದು ದಿನ ಹೋಗಿ ಮೂತಿಯ ಹತ್ತಿರ ತುಂಬ ಹೊತ್ತು ನಿಂತೆ. ಬಣ್ಣದ ಕೆಳಗೆ ಬೆಳಕು ಓರೆಯಾಗಿ ಬಿದ್ದ ಕಡೆ ತಗಡು ಪೂರ್ತಿ ನುಣುಪಿಲ್ಲ. ಸ್ವಲ್ಪ ಅಲೆ ಅಲೆ. ಹೊಸ ತಗಡಿನಲ್ಲಿ ಅದು ಬರುವುದಿಲ್ಲ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. "ಕೆಲಸ ಗೊತ್ತಿರೋರು ಮಾಡಿದಾರೆ" ಅಂತ ಬಂತು. ಸ್ಕ್ರ್ಯಾಪ್ ಅಂದಿದ್ದವರು ಇವರೇ.

ನನ್ನ ಮಾಡೆಲ್‌ಗೆ ಇನ್ನೊಂದು ಪರೀಕ್ಷೆ ಬಾಕಿ ಇತ್ತು, ತೂಕದ್ದು. ತೇಪೆಗಳಿಂದ ಮೂತಿ ಭಾರವಾಗಿ, ದೋಣಿ ನೀರಿನಿಂದ ಮೇಲೇಳಲೇ ಇಲ್ಲ. ನೇಗಿಲಿನ ಹಾಗೆ ಉಳುತ್ತ ಹೋಯಿತು. ಇದೂ ಹಳೇ ಕಥೆಯೇ. 1966ರ ನವೆಂಬರ್‌ನಲ್ಲಿ ಹಗುರವಾದ ಆರ್ಫಿಯಸ್ ಕೂರಿಸಿದ ಮೇಲೆ ಹಿಂಭಾಗದ ತೂಕ ಕಮ್ಮಿಯಾಗಿ ಕೆ7 ಕೂಡ ಮೇಲೇಳಲು ಒಲ್ಲೆ ಅಂದಿತ್ತು. ಮುಖ್ಯ ಮೆಕ್ಯಾನಿಕ್ ಲಿಯೋ ವಿಲ್ಲಾ ಮತ್ತು ತಂಡದವರು ಹಿಂದುಗಡೆ ಮರಳಿನ ಮೂಟೆ ಕಟ್ಟಿ ನೋಡಿದರು. ಎದ್ದಿತು. ಆಮೇಲೆ ಸೀಸದ ತೂಕ ಕೂರಿಸಿದರು. ನಾನು ಮೀನಿನ ಗಾಳಕ್ಕೆ ಕಟ್ಟುವ ಗುಂಡುಗಳನ್ನು ಸಾಕ್ಸಿಗೆ ತುಂಬಿ ಹಿಂದೆ ಕಟ್ಟಿದೆ. 180 ಗ್ರಾಂಗೆ ಸರಿಹೋಯಿತು.

ಮಾರ್ಚ್ ಕೊನೆಯ ಶನಿವಾರ ಮತ್ತೆ ಅದೇ ಕೆರೆ. ಅರ್ಧ ವೇಗದಲ್ಲಿ ಆ ತುದಿಗೆ ಕಳಿಸಿದೆ. ಸ್ಪಾನ್ಸನ್ ಎರಡೂ ಎದ್ದವು, ಹಿಂದೆ ಬಿಳಿ ತುರಾಯಿ ಚಿಮ್ಮಿತು. ಆ ತುದಿಯಲ್ಲಿ ನಿಲ್ಲಿಸಿ ಕಾದೆ. ಅಲೆ ಅಡಗುವ ಹೊತ್ತಿಗೆ ಒಂದು ಬಾತುಕೋಳಿ ಅಡ್ಡ ಬಂದು ಮತ್ತೆ ಅಲೆ ಎಬ್ಬಿಸಿತು. ಮತ್ತೆ ಕಾದೆ. ಗೆಳೆಯ ಗಡಿಯಾರ ನೋಡಿಕೊಳ್ಳುತ್ತಿದ್ದ. ವಾಪಸ್ ಓಟ ನೆಟ್ಟಗೆ ಬಂತು.

ಮನೆಗೆ ಬಂದು ಹೊಟ್ಟೆ ಬಿಚ್ಚಿದರೆ ಒಳಗೆ ಎರಡು ಚಮಚ ನೀರು. ಟಿಶ್ಯೂ ಹಿಡಿದು ಎಲ್ಲಿಂದ ಬಂತು ಹುಡುಕಿದೆ. ಹೊಸ ತುಂಡುಗಳೆಲ್ಲ ಒಣಗಿವೆ. ಸೋರಿದ್ದು ನಾನು ಹಟ ಹಿಡಿದು ಉಳಿಸಿಕೊಂಡ ಹಳೇ ತಗಡಿನ ರಿವೆಟ್ ಸಾಲಿನಿಂದ. ಅಪ್ಪನಿಗೆ ಇನ್ನೂ ಹೇಳಿಲ್ಲ.